ಎರರ್ ಪುಟ ಬಾಯಿ ಬಿಟ್ಟರೆ

ಒಂದು ಕಂಪನಿಯ ವೆಬ್‌ಸೈಟ್ ಪರೀಕ್ಷೆಗೆ ಹೋಗಿದ್ದೆ. "ಸರ್ವರ್ ಯಾವುದು ಅಂತ ಹೊರಗಿನವರಿಗೆ ಗೊತ್ತಾಗಲ್ಲ ಸರ್, ಎಲ್ಲ ಮುಚ್ಚಿಟ್ಟಿದ್ದೀವಿ" ಅಂದರು ಅಲ್ಲಿನ ಅಡ್ಮಿನ್. ಸರ್ವರ್ ತನ್ನ ಉತ್ತರದ ಜೊತೆ ಕಳಿಸುವ ಮಾಹಿತಿ ಸಾಲುಗಳನ್ನು, ಅಂದ್ರೆ ಹೆಡರ್ ನೋಡಿದೆ, ಅಲ್ಲಿ ನಿಜಕ್ಕೂ ಹೆಸರಿಲ್ಲ. ಸರ್ಚ್ ಬಾಕ್ಸಿನಲ್ಲಿ ಸುಮ್ನೆ, ದಾಳಿಕೋರರು ಬಳಸುವಂಥ ಒಂದು ಸ್ಕ್ರಿಪ್ಟ್ ಟ್ಯಾಗ್ ಹಾಕಿ ಎಂಟರ್ ಒತ್ತಿದೆ. ಅನುಮಾನದ ರಿಕ್ವೆಸ್ಟ್ ತಡೆಯುವ ಕಾವಲು ಸಾಫ್ಟ್‌ವೇರ್, ಫೈರ್‌ವಾಲ್, ತಡೆಯಿತು. ಆದರೆ ಬಂದ 406 ಎರರ್ ಪುಟದಲ್ಲಿ, ಈ ಎರರ್ ಕೊಟ್ಟಿದ್ದು ಮಾಡ್‌ಸೆಕ್ಯುರಿಟಿ ಅಂತ ಆ ಫೈರ್‌ವಾಲಿನ ಹೆಸರೇ ಇಂಗ್ಲಿಷಿನಲ್ಲಿ ಬರೆದಿತ್ತು! ಕಳ್ಳನನ್ನು ತಡೆದ ಕಾವಲುಗಾರ ತನ್ನ ಹೆಸರು, ಊರು ಹೇಳಿ ಕಳಿಸಿದ ಹಾಗೆ.

ಹೆಸರು ಗೊತ್ತಾದರೆ ಏನಾಯ್ತು ಅಂತ ಕೇಳಬಹುದು. 2021ರ ಅಕ್ಟೋಬರ್‌ನಲ್ಲಿ ಅಪಾಚೆ ಅನ್ನೋ ವೆಬ್ ಸರ್ವರ್ ಸಾಫ್ಟ್‌ವೇರಿನ 2.4.49 ಆವೃತ್ತಿಯಲ್ಲಿ, ಹೊರಗಿನವರು ಸರ್ವರಿನ ಫೈಲ್ ಓದಬಹುದಾದ ದೋಷ ಸಿಕ್ಕಿತು. ಆ ಆವೃತ್ತಿ ನಂಬರನ್ನು ಹೆಡರಿನಲ್ಲಿ ಬರೆದುಕೊಂಡಿದ್ದ ಸರ್ವರ್‌ಗಳನ್ನು ಇಂಟರ್‌ನೆಟ್‌ನಲ್ಲಿರುವ ಸರ್ವರ್‌ಗಳನ್ನು ಹುಡುಕಿಕೊಡುವ ಶೋಡಾನ್‌ನಲ್ಲಿ ಹುಡುಕುವುದು ನಿಮಿಷದ ಕೆಲಸ. ಹಾಗಂತ ಹೆಸರು ಮುಚ್ಚಿದರೆ ದೋಷ ಹೋಗಲ್ಲ, ಮೊದಲು ದೋಷ ಸರಿಪಡಿಸುವ ಪ್ಯಾಚ್ ಹಾಕಿ.

ಅಪಾಚೆಯಲ್ಲಿ 'ಸರ್ವರ್‌ಟೋಕನ್ಸ್ ಪ್ರಾಡ್' ಅನ್ನೋ ಸೆಟ್ಟಿಂಗ್ ಕೊಟ್ಟರೆ ಹೆಡರಿನಿಂದ ನಂಬರ್ ಹೋಗುತ್ತದೆ, ಹೆಸರು ಉಳಿಯುತ್ತದೆ. ಹೆಸರನ್ನೇ ಬದಲಿಸಲು ಮಾಡ್‌ಸೆಕ್ಯುರಿಟಿಯ 'ಸೆಕ್‌ಸರ್ವರ್‌ಸಿಗ್ನೇಚರ್' ಇದೆ. ತಮಾಷೆ ಅಂದ್ರೆ, ಅದು ಕೆಲಸ ಮಾಡಬೇಕಾದರೆ ಸರ್ವರ್‌ಟೋಕನ್ಸ್ 'ಫುಲ್' ಇರಬೇಕು. ಪೂರ್ತಿ ಹೆಸರು ಬರೆಯಲು ಇದ್ದ ಜಾಗದಲ್ಲೇ ಅದು ಹೊಸ ಹೆಸರು ಬರೆಯುತ್ತದೆ.

ಜಾಸ್ತಿ ಜನ ಎಡವುವುದು ಬೇರೆ ಕಡೆ. ಎನ್‌ಜಿನ್ಎಕ್ಸ್ ಅನ್ನೋ ಇನ್ನೊಂದು ವೆಬ್ ಸರ್ವರಿನ 443 ಪೋರ್ಟಿಗೆ, ಅಂದ್ರೆ ಎಚ್‌ಟಿಟಿಪಿಎಸ್ ಬಾಗಿಲಿಗೆ, ಗೂಢಲಿಪಿ ಇಲ್ಲದ ಬರೀ ಎಚ್‌ಟಿಟಿಪಿ ರಿಕ್ವೆಸ್ಟ್ ಕಳಿಸಿ ನೋಡಿ. 400 ಎರರ್ ಪುಟ ಬರುತ್ತದೆ, ಕೆಳಗೆ ಅದರ ಹೆಸರು. 403 (ಪ್ರವೇಶ ಇಲ್ಲ), 404 (ಪುಟ ಸಿಗಲಿಲ್ಲ) ಎರರ್‌ಗಳಿಗೆ ಚೆಂದದ ಪುಟ ಮಾಡಿದವರು ಇದನ್ನು ಮರೆತಿರುತ್ತಾರೆ. ಇದಕ್ಕೆ 497 ಅನ್ನೋ ಒಳಗಿನ ಕೋಡ್ ಇದೆ, ಅದಕ್ಕೂ ಎರರ್ ಪುಟ ಕೊಡಬೇಕು. ಅಪಾಚೆಯಲ್ಲಿ ಇನ್ನೂ ಕಷ್ಟ: ರಿಕ್ವೆಸ್ಟೇ ಕೆಟ್ಟದಾಗಿದ್ದರೆ ನೀವು 'ಎರರ್‌ಡಾಕ್ಯುಮೆಂಟ್' ಸೆಟ್ಟಿಂಗಿನಲ್ಲಿ ಕೊಟ್ಟ ಪುಟ ಬಿಟ್ಟು ತನ್ನದೇ ಪುಟ ಕಳಿಸುತ್ತದೆ. ಅಂಥ ರಿಕ್ವೆಸ್ಟನ್ನು ಅಪಾಚೆಯ ಮುಂದೆ ನಿಂತು ರಿಕ್ವೆಸ್ಟ್ ತೆಗೆದುಕೊಳ್ಳುವ ಪ್ರಾಕ್ಸಿ ಸರ್ವರಿನಲ್ಲೇ ತಡೆಯಬೇಕು.

ಫೈರ್‌ವಾಲ್ ಕೊಡುವ 403, ಸರ್ವರ್ ಕೊಡುವ 403 ಒಂದೇ ಥರ ಕಾಣಲಿ. ಎರಡಕ್ಕೂ ವ್ಯತ್ಯಾಸವಿದ್ದರೆ ಯಾವ ಪದಕ್ಕೆ ಫೈರ್‌ವಾಲ್ ಎಚ್ಚರಾಗುತ್ತದೆ ಅಂತ ದಾಳಿಕೋರರು ಕೂತು ಪತ್ತೆ ಹಚ್ಚುತ್ತಾರೆ. ಆದರೆ ಎರರ್ ಪುಟಕ್ಕೆ 'ಎಲ್ಲ ಸರಿ' ಅನ್ನುವ 200 ಕೋಡ್ ಕೊಡಬೇಡಿ. ನಿಮ್ಮ ಮಾನಿಟರಿಂಗೇ ಮೋಸ ಹೋಗುತ್ತದೆ.

ಆ ಕಂಪನಿಗೆ ಎರಡು ಸಾಲಿನ ಪುಟ ಮಾಡಿಕೊಟ್ಟೆ: 'ಈ ಕೋರಿಕೆ ಪೂರೈಸಲಾಗಲಿಲ್ಲ', ಕೆಳಗೆ ಒಂದು ರೆಫರೆನ್ಸ್ ನಂಬರ್. ಆ ನಂಬರ್ ಯಾಕೆ ಅಂತ ಅಡ್ಮಿನ್ ಮುಖ ಸಿಂಡರಿಸಿದ್ದರು. ಆಮೇಲೆ ಮಂಗಳೂರಿನ ಗ್ರಾಹಕರೊಬ್ಬರು ಫೋನ್ ಮಾಡಿ, ನೋಂದಣಿ ಆಗ್ತಾ ಇಲ್ಲ ಅಂತ ಆ ನಂಬರ್ ಓದಿ ಹೇಳಿದರಂತೆ. ಸರ್ವರಿನ ದಾಖಲೆಯಲ್ಲಿ ಹುಡುಕಿದರೆ, ಎಸ್‌ಕ್ಯುಎಲ್ ಇಂಜೆಕ್ಷನ್ (ಡೇಟಾಬೇಸಿಗೆ ಕಳ್ಳ ಆದೇಶ ತೂರಿಸುವ ದಾಳಿ) ಅಂತ ಫೈರ್‌ವಾಲ್ ತಡೆದಿದ್ದು 'ಡಿ'ಸೋಜಾ' ಅನ್ನೋ ಹೆಸರಿನ ನಡುವಿನ ಆ ಅಪಾಸ್ಟ್ರಫಿ ಚಿಹ್ನೆಯನ್ನು; ಅಂಥ ದಾಳಿಯಲ್ಲೂ ಬಳಸುವುದು ಅದನ್ನೇ.