ಟಿವಿ ಮ್ಯೂಟ್ ಮಾಡಿ, ಒಂದು ಓವರ್ ಇಂಗ್ಲಿಷ್ ಮಾತಾಡಿ

ಸಂಜೆ ಆರೂವರೆಗೆ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಶುರುವಾಗುತ್ತದೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರು ಬರುತ್ತಾರೆ. ನರ್ಸ್‌ಗಳು ಬರುತ್ತಾರೆ. ಡಿಪ್ಲೊಮಾ ಮುಗಿಸಿ ಇಂಟರ್‌ವ್ಯೂಗೆ ಅಲೆಯುತ್ತಿರುವವರು, ಮಗನ ಶಾಲೆಯ ಮೀಟಿಂಗ್‌ನಲ್ಲಿ ನಾಲ್ಕು ಮಾತಾಡಬೇಕು ಅನ್ನುವ ಅಮ್ಮಂದಿರು ಬರುತ್ತಾರೆ. ಮೊದಲ ದಿನ ಎಲ್ಲರದ್ದೂ ಒಂದೇ ಮಾತು: "ಮೇಡಂ, ಓದಿದರೆ ಅರ್ಥ ಆಗುತ್ತೆ. ಮಾತಾಡೋಕೆ ಹೋದರೆ ಬಾಯಿ ಕಟ್ಟಿದ ಹಾಗಾಗುತ್ತೆ."

ಅದರಲ್ಲಿ ಅವರ ತಪ್ಪೇನಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ. ಅದಕ್ಕೂ ಮುಂಚೆ ಓದಿದ ಬಹಳಷ್ಟು ಮಂದಿ ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ ತಿದ್ದಿದವರು. ಆಮೇಲೆ ಪ್ರಶ್ನೆಗೆ ಉತ್ತರ ಬರೆದರು, ಟೆನ್ಸ್ ಬಾಯಿಪಾಠ ಮಾಡಿದರು, ಪಾಸಾದರು. ಕಣ್ಣಿಗೆ, ಕೈಗೆ ಕೆಲಸ ಸಿಕ್ಕಿತು. ನಾಲಿಗೆಗೆ ಸಿಗಲಿಲ್ಲ. ಅದಕ್ಕೇ ನಾನು ಅವರ ಕೈಗೆ ಇನ್ನೊಂದು ಗ್ರಾಮರ್ ಪುಸ್ತಕ ಕೊಡುವುದಿಲ್ಲ. ದಿನದಲ್ಲಿ ನಿಮಗೆ ಖುಷಿ ಕೊಡುವ ಕೆಲಸ ಯಾವುದು ಅಂತ ಕೇಳುತ್ತೇನೆ. ಇಂಗ್ಲಿಷನ್ನು ಅದರ ಬೆನ್ನಿಗೆ ಕಟ್ಟುತ್ತೇನೆ.

ಹುಡುಗರು ಹೇಳುವುದು ಕ್ರಿಕೆಟ್. ನನಗೂ ಅದೇ ಬೇಕು. ಕನ್ನಡದಲ್ಲಿ ನಾವು ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ ಅನ್ನುತ್ತೇವೆ. ಯಾರು ಅನ್ನುವುದು ಬದಲಾದ ಹಾಗೆ ಕ್ರಿಯಾಪದದ ಬಾಲವೂ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಅಷ್ಟೆಲ್ಲ ಕಷ್ಟ ಇಲ್ಲ. ಹಿ, ಶಿ, ಇಟ್ ಬಂದಾಗ ಕೊನೆಗೊಂದು 'ಸ್' ಸೇರಿಸಿದರೆ ಆಯಿತು. ಆದರೆ ಆ ಪುಟ್ಟ 'ಸ್' ನಮ್ಮ ನಾಲಿಗೆಯಿಂದ ಜಾರಿ ಹೋಗುತ್ತದೆ. 'ಹಿ ಗೋ', 'ಶಿ ಕಮ್' ಅಂದುಬಿಡುತ್ತೇವೆ. ಈಗ ಕಾಮೆಂಟರಿ ಕೇಳಿ. 'ಹಿ ರನ್ಸ್ ಇನ್, ಹಿ ಬೌಲ್ಸ್, ರಾಹುಲ್ ಸ್ಟೆಪ್ಸ್ ಔಟ್, ಡ್ರೈವ್ಸ್ ಥ್ರೂ ಕವರ್ಸ್.' ಎಷ್ಟು 'ಸ್' ಬಂತು ನೋಡಿ! ಕ್ಲಾಸಿನಲ್ಲಿ ನಾನು ಒಂದು ವಾರ ಬೋರ್ಡ್ ಮೇಲೆ ಬರೆದರೂ ಇಷ್ಟು ಅಭ್ಯಾಸ ಆಗುವುದಿಲ್ಲ.

ಕನ್ನಡ ಕಾಮೆಂಟರಿ ಬಿಡಿ ಅಂತ ಹೇಳುತ್ತಿಲ್ಲ. ಅದರ ಮಜಾ ಬೇರೆ. ಐದು ಓವರ್ ಮಾತ್ರ ಇಂಗ್ಲಿಷಿನಲ್ಲಿ ಕೇಳಿ. ಆಮೇಲೆ ಟಿವಿ ಮ್ಯೂಟ್ ಮಾಡಿ, ಮುಂದಿನ ಒಂದು ಓವರ್‌ಗೆ ನೀವೇ ಕಾಮೆಂಟರಿ ಹೇಳಿ. ಆರು ಎಸೆತ, ಸುಮಾರು ನಾಲ್ಕು ನಿಮಿಷ. ಬೌಲರ್ ನಿಮಗೋಸ್ಕರ ಕಾಯುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರ್ಜುಮೆ ಮಾಡುವಷ್ಟು ಹೊತ್ತು ಇರುವುದಿಲ್ಲ. ಈ ಆಟದ ಗುಟ್ಟೇ ಅದು. ಮೊದಮೊದಲು 'ಗುಡ್ ಬಾಲ್', 'ನೋ ರನ್' ಅಷ್ಟೇ ಬಾಯಿಗೆ ಬರುತ್ತದೆ. ಬರಲಿ. ಎರಡು ಮೂರು ಮ್ಯಾಚ್ ಆಗುವಷ್ಟರಲ್ಲಿ ವಾಕ್ಯ ಉದ್ದ ಆಗುತ್ತದೆ. ಇದನ್ನು ನಾನು ಹುಡುಗರಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಅಮ್ಮಂದಿರಿಗೆ ಕೊಡುವ ಕೆಲಸ ಇನ್ನೂ ಚೆನ್ನಾಗಿದೆ. ಮಕ್ಕಳಿಗೆ ಮಲಗುವಾಗ ಹೇಗೂ ಕಥೆ ಹೇಳುತ್ತೀರಿ, ಅಲ್ವಾ? ನಾವೆಲ್ಲ ಕೇಳಿ ಬೆಳೆದ ಕಥೆ ಹೀಗೆ ಶುರುವಾಗುತ್ತದೆ: ಒಂದೂರು. ಆ ಊರಲ್ಲಿ ಒಬ್ಬ ರಾಜ. ಆ ರಾಜನಿಗೆ ಒಬ್ಬಳು ಮಗಳು. ಮೊದಲ ಸಲ ಬಂದಾಗ 'ಒಬ್ಬ', ಎರಡನೇ ಸಲ 'ಆ'. ನಮ್ಮವರನ್ನು ಅತಿ ಜಾಸ್ತಿ ಕಾಡುವ 'ಅ' ಮತ್ತು 'ದ' ಇಲ್ಲೇ ಕೂತಿವೆ. 'ದೇರ್ ವಾಸ್ ಅ ಕಿಂಗ್. ದ ಕಿಂಗ್ ಹ್ಯಾಡ್ ಅ ಡಾಟರ್. ದ ಡಾಟರ್ ಹ್ಯಾಡ್ ಅ ಪ್ಯಾರಟ್.' ಅಜ್ಜಿ ಹೇಳಿದ ಲೆಕ್ಕವೇ. ಎಲ್ಲ ಕಡೆಯೂ ಇದು ನಡೆಯುವುದಿಲ್ಲ ನಿಜ. ಸೂರ್ಯ ಒಬ್ಬನೇ ಆದ್ದರಿಂದ ಮೊದಲ ಸಲವೇ 'ದ ಸನ್' ಅನ್ನುತ್ತಾರೆ. ಆದರೆ ಶುರು ಮಾಡುವವರಿಗೆ ಇಷ್ಟು ಸಾಕು. ಕಥೆ ನಡೆದು ಹೋದ ಸಂಗತಿ. ಹಾಗಾಗಿ 'ವೆಂಟ್', 'ಸಾ', 'ಸೆಡ್' ಎಲ್ಲ ತಾವಾಗಿಯೇ ರೂಢಿಯಾಗುತ್ತವೆ. ಮಗು ಅದೇ ಕಥೆಯನ್ನು ದಿನಾ ಕೇಳುತ್ತದೆ. ಅಷ್ಟು ತಾಳ್ಮೆಯ ಕೇಳುಗರು ನಿಮಗೆ ಬೇರೆಲ್ಲಿ ಸಿಗುತ್ತಾರೆ?

ಬೆಂಗಳೂರಿನಲ್ಲಿ ಇರುವವರಿಗೆ ಮೆಟ್ರೋ ಇದೆ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದು ಕನ್ನಡದಲ್ಲಿ ಕೇಳಿಸಿದ ಕೂಡಲೇ ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಹೇಳಿಕೊಳ್ಳಿ. ಆಮೇಲೆ ಇಂಗ್ಲಿಷ್ ಘೋಷಣೆಯ ಜೊತೆ ಹೋಲಿಸಿ. 'ಎಡಗಡೆಗೆ' ಅನ್ನುವಾಗ ನಮ್ಮ 'ಗೆ' ಕೊನೆಯಲ್ಲಿ ಬರುತ್ತದೆ. 'ಆನ್ ದ ಲೆಫ್ಟ್' ಅನ್ನುವಾಗ 'ಆನ್' ಮೊದಲೇ ಬರುತ್ತದೆ. ಈ ಹಿಂದುಮುಂದು ಕಿವಿಗೆ ಹತ್ತಬೇಕು. ಹತ್ತು ನಿಲ್ದಾಣ ಅಂದರೆ ಹತ್ತು ಸಲ ಅಭ್ಯಾಸ. ಬೇರೆ ಊರಿನವರಿಗೆ ರೈಲ್ವೆ ಸ್ಟೇಷನ್ ಆದರೂ ಆಯಿತು.

ಪೇಪರ್ ಓದುವ ಚಟ ಇದ್ದರೆ ಒಂದೇ ಸುದ್ದಿಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ 1948ರಲ್ಲಿ ಒಂದೇ ಸಂಸ್ಥೆಯಿಂದ ಶುರುವಾದವು. ಆ ಜೋಡಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಏನಾಯಿತು ಅಂತ ಮೊದಲೇ ಗೊತ್ತಿರುವುದರಿಂದ ಡಿಕ್ಷನರಿ ಇಲ್ಲದೆ ಅರ್ಧ ಪದ ಊಹೆಗೆ ಸಿಗುತ್ತವೆ. ಊಹಿಸಿ ಕಲಿತ ಪದ ಮರೆಯುವುದಿಲ್ಲ. ಸಿನಿಮಾ ನೋಡುವವರು ಇಂಗ್ಲಿಷ್ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ಲೇ ಹಾಕಿಕೊಳ್ಳಿ. ಕನ್ನಡದ್ದು ಹಾಕಿದರೆ ಕಣ್ಣು ಓದುತ್ತದೆ, ಕಿವಿ ಸುಮ್ನೆ ಕೂರುತ್ತದೆ.

ಇನ್ನು ಯಾವಾಗಲೂ ಬರುವ ಪ್ರಶ್ನೆ: "ನಮ್ಮ ಜೊತೆ ಇಂಗ್ಲಿಷ್ ಮಾತಾಡೋರು ಯಾರೂ ಇಲ್ಲ, ಏನ್ ಮಾಡೋದು?" ಇದಕ್ಕೆ ನಾನು ಇಬ್ಬಿಬ್ಬರನ್ನು ಜೋಡಿ ಮಾಡಿ ವಾಟ್ಸಾಪ್ ವಾಯ್ಸ್ ಮೆಸೇಜ್ ಹಚ್ಚಿದ್ದೇನೆ. ದಿನಕ್ಕೆ ಒಂದು ನಿಮಿಷ. ಇವತ್ತು ಏನು ತಿಂದೆ, ಬಸ್ ಎಷ್ಟು ಲೇಟಾಯಿತು, ಏನಾದರೂ ಸರಿ. ಎರಡೇ ನಿಯಮ. 'ಸಾರಿ, ಮೈ ಇಂಗ್ಲಿಷ್ ಈಸ್ ನಾಟ್ ಗುಡ್' ಅಂತ ಶುರು ಮಾಡಬಾರದು. ತಪ್ಪಾಯಿತು ಅಂತ ಡಿಲೀಟ್ ಮಾಡಿ ಮತ್ತೆ ರೆಕಾರ್ಡ್ ಮಾಡಬಾರದು. ಇಲ್ಲಿ ನಾನು ಗಮನಿಸುವುದು 'ನನಗೆ' ಅನ್ನುವ ಪದ. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಜ್ವರ. ಕನ್ನಡದಲ್ಲಿ ಎಲ್ಲವೂ ನಮಗೆ ಬಂದು ಆಗುತ್ತವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ 'ಐ' ಮುಂದೆ ನಿಲ್ಲಬೇಕು: ಐ ನೋ, ಐ ವಾಂಟ್, ಐ ಲೈಕ್, ಐ ಹ್ಯಾವ್ ಅ ಫೀವರ್. ದಿನಚರಿ ಹೇಳುವಾಗ ಇವೇ ವಾಕ್ಯಗಳು ದಿನಾ ಬರುತ್ತವೆ. ಅದಕ್ಕೇ ಬೇಗ ಹಿಡಿತಕ್ಕೆ ಸಿಗುತ್ತವೆ.

ನನ್ನ ಕ್ಲಾಸಿನ ಇಬ್ಬರು ನರ್ಸ್‌ಗಳು ಬೇರೆ ಬೇರೆ ಶಿಫ್ಟ್‌ನಲ್ಲಿದ್ದಾರೆ. ಒಬ್ಬರು ಮಧ್ಯಾಹ್ನ ಊಟದ ಹೊತ್ತಿಗೆ ಮೆಸೇಜ್ ಕಳಿಸುತ್ತಾರೆ. ಇನ್ನೊಬ್ಬರು ರಾತ್ರಿ ಡ್ಯೂಟಿಗೆ ಹೋಗುವ ದಾರಿಯಲ್ಲಿ ಕೇಳಿ ಉತ್ತರ ಕೊಡುತ್ತಾರೆ. ಶುರುವಿನಲ್ಲಿ ಇಪ್ಪತ್ತು ಸೆಕೆಂಡ್ ಆಗುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ಈಗ ಮೂರು ನಿಮಿಷ ದಾಟುತ್ತದೆ. ಕಳೆದ ವಾರ ಒಬ್ಬರು ಅತ್ತೆಯ ಜೊತೆ ಆದ ಜಗಳವನ್ನು ಮೊದಲಿನಿಂದ ಕೊನೆಯವರೆಗೂ ಇಂಗ್ಲಿಷಿನಲ್ಲೇ ಹೇಳಿಕೊಂಡರಂತೆ.