ಹೊಟ್ಟೆ ಸರಿಯಿಲ್ಲದ ಕುದುರೆಗೆ ಹುಲ್ಲೇ ಮೊದಲ ಖರ್ಚು

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಬಂದು ಜಠರಕ್ಕೆ ಸೇರುವ ಕಡೆ ಬಿಗಿಯಾದ ಸ್ನಾಯುವಿನ ಬಳೆಯೊಂದಿದೆ. ಒಮ್ಮೆ ಒಳಗೆ ಹೋದದ್ದನ್ನು ಅದು ವಾಪಸ್ ಬಿಡುವುದಿಲ್ಲ. ಹಳಸಿದ್ದು ತಿಂದರೆ ನಾವು ಕಕ್ಕಿ ಹಗುರಾಗುತ್ತೇವೆ, ನಾಯಿಯೂ ಅಷ್ಟೇ. ಕುದುರೆಗೆ ಆ ಅನುಕೂಲವಿಲ್ಲ. ತಿಂದದ್ದು ಏನೇ ಆಗಿರಲಿ, ಸುಮಾರು 30 ಮೀಟರ್ ದಾರಿ ದಾಟಿ ಲದ್ದಿಯಾಗಿಯೇ ಹೊರಬರಬೇಕು. ನಡುವೆ ಎಲ್ಲಾದರೂ ಗ್ಯಾಸ್ ತುಂಬಿತೋ, ಮೇವು ಕಟ್ಟಿಕೊಂಡಿತೋ, ಕುದುರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಕಾಲಿಕ್ ಎನ್ನುವ ಈ ಹೊಟ್ಟೆಶೂಲೆ ಕುದುರೆಗಳ ಸಾವಿನ ದೊಡ್ಡ ಕಾರಣಗಳಲ್ಲಿ ಒಂದು.

ಹೀಗೆ ಪದೇ ಪದೇ ಹೊಟ್ಟೆ ಕೆಡಿಸಿಕೊಳ್ಳುವ ಕುದುರೆ ಲಾಯದಲ್ಲಿದ್ದರೆ ಸಾಕಿದವರು ಏನು ಮಾಡುತ್ತಾರೆ? ಡಬ್ಬಿ ತರುತ್ತಾರೆ. ಜೀರ್ಣಕ್ಕೊಂದು ಪುಡಿ, ಅಲ್ಸರಿಗೊಂದು ಪುಡಿ, ಮೈ ತುಂಬಿಕೊಳ್ಳಲು ಇನ್ನೊಂದು ಚೀಲ. ಹಣ ಸಾಲದೆ ಬಂದಾಗ ಹುಲ್ಲಿನ ಲೆಕ್ಕಕ್ಕೆ ಕತ್ತರಿ ಹಾಕುತ್ತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ ಲೆಕ್ಕ. ಕೈಯಲ್ಲಿ ಕಾಸು ಕಡಿಮೆ ಇದ್ದಷ್ಟೂ ಅದರಲ್ಲಿ ಹುಲ್ಲಿನ ಪಾಲು ಜಾಸ್ತಿಯಾಗಬೇಕು. ಯಾಕೆಂದು ತಿಳಿಯಲು ಕುದುರೆಯ ಹೊಟ್ಟೆಯೊಳಗೆ ಇಳಿಯಬೇಕು.

ಅರ್ಧ ಟನ್ ತೂಗುವ ಪ್ರಾಣಿ, ಆದರೆ ಜಠರ ಬರೀ 8ರಿಂದ 15 ಲೀಟರ್. ಮೇವು ಇರಲಿ ಬಿಡಲಿ, ಅಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಅದನ್ನು ತಣಿಸುವುದು ಜೊಲ್ಲು. ಊಟದ ವಾಸನೆಗೇ ಬಾಯಲ್ಲಿ ನೀರೂರುವುದು ನಮಗೆ, ನಾಯಿಗೆ. ಕುದುರೆಗೆ ಜೊಲ್ಲು ಸುರಿಯಬೇಕಾದರೆ ದವಡೆ ಆಡಬೇಕು. ದಿನವಿಡೀ ಮೇಯುವ ಕುದುರೆ 35–40 ಲೀಟರ್‌ವರೆಗೂ ಜೊಲ್ಲು ನುಂಗುತ್ತದೆ. ಒಂದು ಕಿಲೋ ಒಣಹುಲ್ಲು ತಿನ್ನಲು ಅದಕ್ಕೆ ಸುಮಾರು 40 ನಿಮಿಷ ಬೇಕು, 3,000ಕ್ಕೂ ಹೆಚ್ಚು ಸಲ ಅಗಿಯುತ್ತದೆ. ಅದೇ ಒಂದು ಕಿಲೋ ಕಾಳಿನ ಮೇವು ಹತ್ತೇ ನಿಮಿಷದಲ್ಲಿ ಖಾಲಿ. ಜೊಲ್ಲೂ ಅಷ್ಟಕ್ಕಷ್ಟೇ.

ಜಠರದ ಮೇಲರ್ಧಕ್ಕೆ ಆಮ್ಲ ತಡೆಯುವ ಲೋಳೆಯ ಪದರ ಇಲ್ಲ. ಹೊಟ್ಟೆ ಖಾಲಿಯಿದ್ದಾಗ ಓಡಿಸಿದರೆ ಕೆಳಗಿನ ಆಮ್ಲ ಮೇಲಕ್ಕೆ ಚಿಮ್ಮುತ್ತದೆ, ಹುಣ್ಣಾಗುತ್ತದೆ. ಆರು ಗಂಟೆಗಿಂತ ಹೆಚ್ಚು ಹೊತ್ತು ಹುಲ್ಲಿಲ್ಲದೆ ನಿಂತ ಕುದುರೆಗೆ ಈ ಅಪಾಯ ಹೆಚ್ಚು. ಸವಾರಿಗೆ ಹೊರಡುವ ಮುಂಚೆ ಒಂದೆರಡು ಹಿಡಿ ಹುಲ್ಲು ತಿನ್ನಿಸುವುದಕ್ಕೆ ಯಾವ ದೊಡ್ಡ ಖರ್ಚಿದೆ ಹೇಳಿ?

ಜಠರ ದಾಟಿದ ಮೇಲೆ ಸಣ್ಣಕರುಳು. ಸಕ್ಕರೆ, ಪಿಷ್ಟ, ಪ್ರೋಟೀನ್, ಕೊಬ್ಬು ಎಲ್ಲ ಇಲ್ಲಿ ಕರಗುತ್ತವೆ. ಮೇವು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕೆಲವೇ ಗಂಟೆ. ನಿಜವಾದ ಕಾರ್ಖಾನೆ ಇರುವುದು ಮುಂದೆ: ಸೀಕಮ್ ಎಂಬ ದೊಡ್ಡ ಚೀಲ, ಅದಕ್ಕೆ ಹೊಂದಿಕೊಂಡ ದೊಡ್ಡಕರುಳು. ಎರಡೂ ಸೇರಿದರೆ ನೂರು ಲೀಟರ್ ದಾಟುತ್ತದೆ. ಹಸು ಹುಲ್ಲನ್ನು ಮೊದಲು ಹುಳಿಸಿ, ಮೆಲುಕು ಹಾಕಿ, ಆಮೇಲೆ ಜೀರ್ಣ ಮಾಡುತ್ತದೆ. ಕುದುರೆಯಲ್ಲಿ ಹುಳಿಯುವ ಕೆಲಸ ಕೊನೆಗೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾ, ಪ್ರೋಟೋಜೋವಾ, ಶಿಲೀಂಧ್ರಗಳು ಇಲ್ಲಿ ನಾರನ್ನು ಒಡೆದು ಕೊಬ್ಬಿನ ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ. ಹುಲ್ಲು ತಿನ್ನುವ ಕುದುರೆಗೆ ಬೇಕಾದ ಶಕ್ತಿಯ ಬಹುಪಾಲು ಇಲ್ಲಿಂದಲೇ ಬರುತ್ತದೆ. ಬಿ ಗುಂಪಿನ ವಿಟಮಿನ್‌ಗಳನ್ನೂ ಇವೇ ತಯಾರಿಸುತ್ತವೆ.

ಈಗ ಈ ಕುದುರೆಗೆ ಒಂದೇ ಸಲ ದೊಡ್ಡ ಬೋಗುಣಿ ಕಾಳು ಕೊಟ್ಟೆವು ಅಂದುಕೊಳ್ಳಿ. ಅಷ್ಟು ಪಿಷ್ಟವನ್ನು ಅಷ್ಟು ಬೇಗ ಕರಗಿಸಲು ಸಣ್ಣಕರುಳಿಗೆ ಆಗುವುದಿಲ್ಲ. ಉಳಿದದ್ದು ಹಾಗೇ ದೊಡ್ಡಕರುಳಿಗೆ ಜಾರುತ್ತದೆ. ಪಿಷ್ಟ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ, ಗ್ಯಾಸ್ ತುಂಬುತ್ತದೆ. ನಾರು ಒಡೆಯುವ ಬ್ಯಾಕ್ಟೀರಿಯಾಗಳು ಆ ಹುಳಿಗೆ ಸಾಯುತ್ತವೆ. ಸತ್ತವುಗಳಿಂದ ಬಿಡುಗಡೆಯಾಗುವ ವಿಷ ಕರುಳಿನ ಗೋಡೆ ದಾಟಿ ರಕ್ತ ಸೇರುತ್ತದೆ. ಹೊಟ್ಟೆಯಲ್ಲಿ ಶುರುವಾದ ಗಲಾಟೆ ಕಾಲಿನ ಗೊರಸಿನವರೆಗೂ ಹೋಗಿ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ, ಆಗಬಹುದು. ಬಡಕಲಾಗಿದೆ ಎಂದು ಕನಿಕರಪಟ್ಟು ಕಾಳು ಹೆಚ್ಚಿಸಿದವರ ಕುದುರೆ ಮತ್ತಷ್ಟು ಬಡಕಲಾಗುವುದು ಹೀಗೆ.

ಹಾಗಾದರೆ ಹುಲ್ಲು ಎಷ್ಟು ಕೊಡಬೇಕು? ಕಣ್ಣಂದಾಜು ಬೇಡ. ಮೊದಲು ಕುದುರೆಯ ತೂಕ ಬೇಕು, ಅದಕ್ಕೊಂದು ಅಳತೆ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 180, ಉದ್ದ 165 ಇದ್ದರೆ ತೂಕ 450 ಕಿಲೋ. ತಕ್ಕಡಿಯಷ್ಟು ಕರಾರುವಾಕ್ಕಲ್ಲ, ಆದರೆ ನಮ್ಮ ಕೆಲಸಕ್ಕೆ ಸಾಕು. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ಕುದುರೆ ಇಳಿಯುತ್ತಿದೆಯೋ ಏರುತ್ತಿದೆಯೋ ಕಣ್ಣಿಗಿಂತ ಮುಂಚೆ ಕಾಗದ ಹೇಳುತ್ತದೆ.

ದಿನಕ್ಕೆ ಮೈತೂಕದ ಶೇ. 1.5ರಿಂದ 2ರಷ್ಟು ಒಣ ಅಂಶ ನಾರಿನ ಮೇವಿನಿಂದ ಬರಬೇಕು. ಹುಲ್ಲಿನಲ್ಲೂ ಸ್ವಲ್ಪ ತೇವ ಇರುತ್ತದಲ್ವಾ, ಅದನ್ನು ಸೇರಿಸಿಕೊಂಡರೆ 450 ಕಿಲೋ ಕುದುರೆಗೆ ದಿನಕ್ಕೆ ಏಳೂವರೆಯಿಂದ ಹತ್ತು ಕಿಲೋ ಒಣಹುಲ್ಲು. ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಗೆ ಹುಲ್ಲಿನ ಬಲೆ ನೇತುಹಾಕಿ ಒಮ್ಮೆ ತೂಗಿ ನೋಡಿ. ಹತ್ತು ಕಿಲೋ ಕೊಡುತ್ತಿದ್ದೇವೆ ಅಂದುಕೊಂಡವರು ಆರು ಕಿಲೋ ಕೊಡುತ್ತಿರುವುದು ಗೊತ್ತಾದರೆ ಅರ್ಧ ರೋಗದ ಮೂಲ ಸಿಕ್ಕಂತೆ.

ಯಾವ ಹುಲ್ಲು? ಇಲ್ಲಿ ಅಗ್ಗ ನೋಡಿ ಮೋಸ ಹೋಗುವವರೇ ಜಾಸ್ತಿ. ಬಲಿತು ಒಣಗಿ ಕಡ್ಡಿಯಾದ ಹುಲ್ಲಿನ ಕಟ್ಟು ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಅದರ ನಾರು ಗಟ್ಟಿ, ಬ್ಯಾಕ್ಟೀರಿಯಾಗಳಿಗೂ ಸುಲಭಕ್ಕೆ ಬಗ್ಗುವುದಿಲ್ಲ. ದೊಡ್ಡಕರುಳು ಒಂದು ಕಡೆ ಥಟ್ಟನೆ ತಿರುಗಿ ಕಿರಿದಾಗುತ್ತದೆ. ಸರಿಯಾಗಿ ಅಗಿಯದ, ನೀರು ಸಾಲದ ಒರಟು ಮೇವು ಕಟ್ಟಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಹಿಡಿದರೆ ಮೆತ್ತಗಿರುವ, ಎಲೆ ಜಾಸ್ತಿಯಿರುವ, ಹೂ ಬಿಡುವ ಮುಂಚೆ ಕೊಯ್ದ ಹುಲ್ಲಿಗೆ ಕಿಲೋಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೇಲೆ ಸುರಿಯುವ ಕಾಳಿನ ಖರ್ಚು ಉಳಿಯುತ್ತದೆ. ಬೂಸ್ಟು ವಾಸನೆ ಬಂದ ಕಟ್ಟು ಪುಕ್ಕಟೆ ಸಿಕ್ಕರೂ ಬೇಡ. ಹುಲ್ಲುಹಾಸು ಕತ್ತರಿಸಿದ ಹಸಿ ಚೂರುಗಳೂ ಬೇಡ. ರಾಶಿಯಲ್ಲೇ ಬಿಸಿಯೇರಿ ಹುಳಿಯುತ್ತವೆ, ಕುದುರೆ ಅಗಿಯದೆ ಗಬಗಬ ನುಂಗುತ್ತದೆ.

ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪು, ಸ್ವಲ್ಪ ಸಿಕ್ಕರೆ ಒಳ್ಳೆಯದು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಜಠರದ ಆಮ್ಲವನ್ನು ಹಿಡಿತದಲ್ಲಿಡುತ್ತವೆ. ಅಲ್ಸರ್ ಇರುವ ಕುದುರೆಗೆ ದಿನದ ಮೇವಿನಲ್ಲಿ ಒಂದಿಷ್ಟು ಪಾಲು ಇದಿದ್ದರೆ ಸಾಕು, ಪೂರ್ತಿ ಅದೇ ಬೇಕಿಲ್ಲ.

ತಂದ ಹುಲ್ಲು ಕುದುರೆಯ ಹೊಟ್ಟೆಗೆ ಹೋಗುತ್ತಿದೆಯೋ ಕಾಲಡಿಗೋ ಎಂಬುದನ್ನೂ ನೋಡಬೇಕು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು ಇದನ್ನು ಅಳೆದು, 2012ರಲ್ಲಿ ಪ್ರಕಟಿಸಿದರು. ದೊಡ್ಡ ಉರುಳೆ ಕಟ್ಟನ್ನು ಸುಮ್ನೆ ನೆಲಕ್ಕೆ ಬಿಟ್ಟಾಗ ಶೇ. 57ರಷ್ಟು ಹುಲ್ಲು ಪೋಲಾಯಿತು. ಸುತ್ತ ಕಟಕಟೆಯಂಥ ಚೌಕಟ್ಟು ಇಟ್ಟಾಗ ಅದರ ವಿನ್ಯಾಸಕ್ಕೆ ತಕ್ಕಂತೆ ನಷ್ಟ ಶೇ. 5ರಿಂದ 33ಕ್ಕೆ ಇಳಿಯಿತು. ಅರ್ಧಕ್ಕರ್ಧ ತುಳಿದು ಹಾಳಾಗುವ ಕಡೆ ಅಗ್ಗದ ಮೇವಿನ ಮಾತೆಲ್ಲಿ ಬಂತು? ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿಕೊಟ್ಟರೆ ಇನ್ನೊಂದು ಲಾಭ. ಕುದುರೆ ನಿಧಾನಕ್ಕೆ ಎಳೆದೆಳೆದು ತಿನ್ನುತ್ತದೆ, ಅಷ್ಟೇ ಹುಲ್ಲು ಹೆಚ್ಚು ಹೊತ್ತು ಬರುತ್ತದೆ, ಹೊಟ್ಟೆ ಖಾಲಿ ಬೀಳುವುದಿಲ್ಲ. ಕಾಲಿಗೆ ಲಾಳ ಇದ್ದರೆ ಬಲೆ ಸಿಕ್ಕಿಹಾಕಿಕೊಳ್ಳದಷ್ಟು ಎತ್ತರದಲ್ಲಿರಲಿ.

ಇಷ್ಟರ ಮೇಲೂ ಮೈ ಹಿಡಿಯದಿದ್ದರೆ ಬಾಯಿ ತೆಗೆಸಿ ನೋಡಬೇಕು. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಮೇಲೆ ಬರುತ್ತಲೇ ಇರುತ್ತದೆ, ಸವೆಯುತ್ತಲೂ ಇರುತ್ತದೆ. ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹಾಗಾಗಿ ಸವೆತ ಸಮ ಬೀಳದೆ ಅಂಚುಗಳು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತವೆ. ಗೋದಲಿಯ ಹತ್ತಿರ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆ ಬಿದ್ದಿದೆಯೇ? ಲದ್ದಿಯನ್ನು ಕೈಯಲ್ಲಿ ಬಿಡಿಸಿದರೆ ಉದ್ದುದ್ದ ಎಳೆ, ಇಡೀ ಕಾಳು ಕಾಣುತ್ತವೆಯೇ? ಹಾಗಿದ್ದರೆ ಎಷ್ಟು ಒಳ್ಳೆಯ ಮೇವು ಹಾಕಿದರೂ ದಂಡ. ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಿಸುವ ಖರ್ಚು ಉಳಿತಾಯದ ಬಾಬತ್ತೇ. ಹಲ್ಲೇ ಉದುರಿದ ಮುದಿ ಕುದುರೆಗೆ ಹುಲ್ಲಿನ ಪುಡಿಯಿಂದ ಮಾಡಿದ ಉಂಡೆಗಳನ್ನು ನೆನೆಸಿ ಗಂಜಿಯಂತೆ ಕೊಡಬಹುದು.

ತೂಕ ಏರಿಸಲು ಕಾಳಿಗಿಂತ ಮೊದಲು ಬೀಟ್ ತಿರುಳು ಬರಬೇಕು. ಸಕ್ಕರೆ ಹಿಂಡಿದ ಮೇಲೆ ಉಳಿಯುವ ಬೀಟ್‌ಗೆಡ್ಡೆಯ ಚರಟ ಇದು. ಪಿಷ್ಟ ಬಹಳ ಕಡಿಮೆ, ನಾರು ಮೆತ್ತಗೆ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಇಷ್ಟ. ಬೆಲ್ಲದ ಪಾಕ ಬೆರೆಸದ್ದನ್ನು ಆರಿಸಿ. ಚೆನ್ನಾಗಿ ನೆನೆಸಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ, ನೀರೂ ಹೊಟ್ಟೆಗೆ ಹೋಗುತ್ತದೆ. ಇನ್ನೊಂದು ಅಡುಗೆಯ ಎಣ್ಣೆ. ಕುದುರೆಗೆ ಪಿತ್ತಕೋಶವೇ ಇಲ್ಲ, ಆದರೂ ಪಿತ್ತರಸ ಸದಾ ತೊಟ್ಟಿಕ್ಕುವುದರಿಂದ ಎಣ್ಣೆ ಜೀರ್ಣವಾಗುತ್ತದೆ. ಒಂದೆರಡು ಚಮಚದಿಂದ ಶುರು ಮಾಡಿ ಎರಡು ವಾರದಲ್ಲಿ ದಿನಕ್ಕೆ ಒಂದು ಕಪ್‌ಗೆ ತಲುಪಬಹುದು. ಆ ಒಂದು ಕಪ್ಪಿನಲ್ಲಿ ಅರ್ಧ ಕಿಲೋ ಓಟ್ಸ್‌ಗಿಂತ ಹೆಚ್ಚು ಶಕ್ತಿ ಇದೆ, ಪಿಷ್ಟ ಒಂದು ಚೂರೂ ಇಲ್ಲ.

ಕಾಳು ಕೊಡಲೇಬೇಕಾದರೆ ಓಟ್ಸ್ ವಾಸಿ. ಅದರ ಪಿಷ್ಟದ ಬಹುಪಾಲು ಸಣ್ಣಕರುಳಲ್ಲೇ ಕರಗುತ್ತದೆ. ಬೇಯಿಸದ ಮೆಕ್ಕೆಜೋಳದ ಪಿಷ್ಟ ಅರ್ಧದಷ್ಟೂ ಕರಗದೆ ಮುಂದೆ ಹೋಗುತ್ತದೆ. ಸೂಕ್ಷ್ಮ ಹೊಟ್ಟೆಯ ಕುದುರೆಗೆ ಒಂದು ಹೊತ್ತಿಗೆ ಮೈತೂಕದ ಕಿಲೋಗೆ ಒಂದು ಗ್ರಾಂ ಪಿಷ್ಟ ಮೀರದಿದ್ದರೆ ಕ್ಷೇಮ. ನಮ್ಮ 450 ಕಿಲೋ ಕುದುರೆಗೆ ಅದು ಸುಮಾರು ಒಂದು ಕಿಲೋ ಓಟ್ಸ್, ಇಲ್ಲವೇ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಮೆಕ್ಕೆಜೋಳ. ಇದನ್ನು ಡಬ್ಬಿಯಲ್ಲಿ ಅಳೆಯುವವರು ಎಚ್ಚರ. ಒಂದೇ ಡಬ್ಬಿ ತುಂಬಿದರೂ ಮೆಕ್ಕೆಜೋಳ ಓಟ್ಸ್‌ಗಿಂತ ತುಂಬಾ ಭಾರ.

ಗೋಧಿ ಬೂಸಾ ಬಗ್ಗೆ ಒಂದು ಮಾತು, ಯಾಕೆಂದರೆ ಅಗ್ಗ ಅಂದ ಕೂಡಲೇ ಎಲ್ಲರ ಕೈ ಅಲ್ಲಿಗೇ ಹೋಗುತ್ತದೆ. ವಾರಕ್ಕೊಮ್ಮೆ ಬಿಸಿ ಬೂಸಾ ಕಲಸಿ ಕೊಟ್ಟರೆ ಹೊಟ್ಟೆ ಸಾಫಾಗುತ್ತದೆ ಎಂಬ ನಂಬಿಕೆ ಹಳೆಯದು. ಮಾರನೇ ದಿನ ಲದ್ದಿ ಮೆತ್ತಗಾದರೆ ಅದು ಒಳಗಿನ ಬ್ಯಾಕ್ಟೀರಿಯಾಗಳು ದಿಢೀರ್ ಬದಲಾವಣೆಗೆ ಕಂಗೆಟ್ಟದ್ದರ ಗುರುತಿರಬಹುದು. ಜೊತೆಗೆ ಬೂಸಾದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಸುಮಾರು ಹತ್ತು ಪಟ್ಟು ಇದೆ. ದಿನಾ ಹೆಚ್ಚು ಹೆಚ್ಚು ತಿನ್ನಿಸಿದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಕೀಳುತ್ತದೆ, ಮುಖದ ಮೂಳೆ ಊದುತ್ತದೆ.

ಮೇವು ಯಾವುದೇ ಇರಲಿ, ಬದಲಿಸುವುದು ನಿಧಾನಕ್ಕೆ. ಬ್ಯಾಕ್ಟೀರಿಯಾಗಳ ಬಳಗ ಹೊಸ ಮೇವಿಗೆ ಹೊಂದಿಕೊಳ್ಳಲು ಹತ್ತು ದಿನವಾದರೂ ಬೇಕು. ಇದು ಕಾಳಿಗೆ ಮಾತ್ರ ಅಲ್ಲ, ಹುಲ್ಲಿಗೂ ಅನ್ವಯ. ಹೊಸ ಹುಲ್ಲಿಗೆ ಬದಲಾಯಿಸಿದ ಎರಡು ವಾರದೊಳಗೆ ಕಾಲಿಕ್ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಕೈಯಲ್ಲಿ ಕಾಸಾದಾಗ ಒಂದೊಂದೇ ಕಟ್ಟು, ಸಿಕ್ಕಿದ ಕಡೆಯಿಂದ ತರುವವರಿಗೆ ಇದೇ ದೊಡ್ಡ ಕಷ್ಟ. ಸಾಧ್ಯವಾದರೆ ನಾಲ್ಕು ಜನ ಸೇರಿ ಒಂದೇ ಹೊಲದ ಹುಲ್ಲನ್ನು ಒಟ್ಟಿಗೆ ಕೊಳ್ಳಬಹುದು. ಇಲ್ಲವಾದರೆ ಹಳೆಯ ಕಟ್ಟು ಮುಗಿಯುವ ಮುಂಚೆಯೇ ಹೊಸದು ಬರಲಿ, ಬೆರೆಸಲು ಅವಕಾಶವಿರುತ್ತದೆ.

ನೀರು, ಉಪ್ಪು ಎರಡೂ ಕಡಿಮೆ ಖರ್ಚಿನ ಔಷಧಿ. ಒಣಹುಲ್ಲು ತಿನ್ನುವ ಕುದುರೆಗೆ ದಿನಕ್ಕೆ 25ರಿಂದ 50 ಲೀಟರ್ ನೀರು ಬೇಕು. ತೀರಾ ತಣ್ಣಗಿದ್ದರೆ ಕಡಿಮೆ ಕುಡಿಯುತ್ತದೆ, ಚಳಿಯಲ್ಲಿ ಉಗುರುಬೆಚ್ಚಗೆ ಮಾಡಿ ಕೊಡಿ. ದಿನಕ್ಕೆ ಎರಡು ದೊಡ್ಡ ಚಮಚ ಸಾದಾ ಉಪ್ಪು ಬಾಯಾರಿಕೆಯನ್ನೂ ಕಾಪಾಡುತ್ತದೆ.

ಮರಳು ನೆಲದಲ್ಲಿ ಮೇಯುವ ಕುದುರೆಯ ಕರುಳಿನಲ್ಲಿ ಮರಳು ಕೂರುತ್ತದೆ. ನೆಲಕ್ಕೆ ತಾಗದ ಐದಾರು ಲದ್ದಿ ಉಂಡೆಯನ್ನು ಬಕೆಟ್ ನೀರಿನಲ್ಲಿ ಕದಡಿ, ಮೇಲಿನದನ್ನು ಚೆಲ್ಲಿ ತಳ ಮುಟ್ಟಿ ನೋಡಿ. ಮರಳು ಸಿಕ್ಕರೆ ವೈದ್ಯರಿಗೆ ತಿಳಿಸಿ. ಸಿಗದಿದ್ದರೆ ಒಳಗೆ ಇಲ್ಲವೇ ಇಲ್ಲ ಎಂದು ಅರ್ಥವಲ್ಲ. ಜಂತುಹುಳುವಿಗೂ ಸುಮ್ನೆ ಔಷಧಿ ಹಾಕುವ ಬದಲು ಲದ್ದಿಯಲ್ಲಿ ಮೊಟ್ಟೆ ಎಣಿಸಿದ ಮೇಲೆ ಹಾಕುವುದು ಅಗ್ಗ, ಹುಳುಗಳು ಔಷಧಿಗೆ ಒಗ್ಗಿಹೋಗುವುದೂ ತಪ್ಪುತ್ತದೆ.

ಇನ್ನು ಆ ಡಬ್ಬಿಗಳು. ಜೀವಂತ ಯೀಸ್ಟ್ ನಾರಿನ ಜೀರ್ಣಕ್ಕೆ ಒಂದಿಷ್ಟು ನೆರವಾಗಬಹುದು ಎನ್ನಲು ಆಧಾರವಿದೆ. ಉಳಿದ ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯ ಸೂಕ್ಷ್ಮಜೀವಿಗಳ, ಪುಡಿಗಳಲ್ಲಿ ಚೀಟಿಯ ಮೇಲೆ ಬರೆದಷ್ಟು ಜೀವಿಗಳು ಒಳಗಿಲ್ಲದಿರುವುದನ್ನು ಪರೀಕ್ಷೆಗಳು ಮತ್ತೆ ಮತ್ತೆ ಕಂಡಿವೆ. ಹುಲ್ಲು, ಹಲ್ಲು, ಹುಳು ಈ ಮೂರೂ ಸರಿಯಾದ ಮೇಲೆ ಹಣ ಉಳಿದರೆ ಒಂದನ್ನು ಪ್ರಯತ್ನಿಸಿ. ಒಮ್ಮೆಗೆ ಒಂದೇ, ಇಲ್ಲವಾದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದೇ ಇಲ್ಲ.

ಕುದುರೆ ಮೇವು ಬಿಟ್ಟು, ನೆಲ ಕೆರೆಯುತ್ತ, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತಿದ್ದರೆ ಮೇವಿನ ಲೆಕ್ಕವೆಲ್ಲ ಪಕ್ಕಕ್ಕಿಡಿ. ಇದ್ದ ಮೇವನ್ನೂ ತೆಗೆದುಬಿಡಿ. ಪಕ್ಕೆಗೆ ಕಿವಿಯಿಟ್ಟರೆ ಗುಡುಗುಡು ಸದ್ದು ಕೇಳಬೇಕು, ಪೂರ್ತಿ ನಿಶ್ಶಬ್ದವಾಗಿದ್ದರೆ ಒಳ್ಳೆಯದಲ್ಲ. ಆರಾಮವಾಗಿ ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಅದು 60 ದಾಟಿದ್ದರೆ ಪಶುವೈದ್ಯರು ತಕ್ಷಣ ಬರಬೇಕು. ಕೊನೆಯ ಸಲ ಲದ್ದಿ ಹಾಕಿದ್ದು ಯಾವಾಗ, ಈ ವಾರ ಮೇವಿನಲ್ಲಿ ಏನು ಬದಲಾಯಿತು ಎಂದು ಅವರು ಕೇಳುತ್ತಾರೆ. ಉತ್ತರ ಸಿದ್ಧವಿರಲಿ. ನೋವು ಇಳಿದ ಮೇಲೆ ಅವರು ಹೇಳಿದಾಗ ಮೆತ್ತನೆಯ ಹುಲ್ಲನ್ನು ಹಿಡಿ ಹಿಡಿಯಾಗಿ, ಗಂಟೆಗೊಂದಾವರ್ತಿ ಕೊಡಲು ಶುರು ಮಾಡಬಹುದು. ಕಾಳು ಕೊಡುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬೇಕಿದ್ದರೆ ಮಾತ್ರ.