ಮಳೆ ಬಂದ್ರೆ ಏನಾಗುತ್ತೆ? ಫಸ್ಟ್ ಕಂಡೀಷನಲ್ ಟಿಪ್ಪಣಿ

ಇಂಗ್ಲಿಷಿನಲ್ಲಿ "ಹೀಗಾದರೆ ಹಾಗಾಗುತ್ತದೆ" ಅಂತ ಮುಂದೆ ಆಗಬಹುದಾದದ್ದನ್ನು ಹೇಳುವ ವಾಕ್ಯಕ್ಕೆ ಫಸ್ಟ್ ಕಂಡೀಷನಲ್ ಅನ್ನುತ್ತಾರೆ. ಶಾಲೆಯಲ್ಲಿ ಇದನ್ನು ಸೂತ್ರದ ಹಾಗೆ ಬಾಯಿಪಾಠ ಮಾಡಿದ್ದೆ: ಇಫ್ ಇರುವ ಅರ್ಧದಲ್ಲಿ ಸಿಂಪಲ್ ಪ್ರೆಸೆಂಟ್ (ಸಾದಾ ವರ್ತಮಾನಕಾಲ), ಇನ್ನೊಂದು ಅರ್ಧದಲ್ಲಿ ವಿಲ್, ಅದಾದ ಮೇಲೆ ಕ್ರಿಯಾಪದದ ಮೂಲ ರೂಪ. ಮಾರ್ಕ್ಸೇನೋ ಬಂತು. ಆದರೆ ಮಾತಾಡಲು ನಿಂತರೆ ಬಾಯಿಂದ ಬರುತ್ತಿದ್ದದ್ದು "ಇಫ್ ಇಟ್ ವಿಲ್ ರೇನ್" ಅಂತಲೇ.

ಈಗ ನಮ್ಮ "ಬಂದರೆ" ನೋಡಿ. ಮಳೆ ಬರುವುದು ನಾಳೆ, ಪದದ ಒಳಗೆ ಕೂತಿರುವುದು ಮಾತ್ರ "ಬಂದ" ಅನ್ನುವ ಭೂತಕಾಲದ ರೂಪ. ನಮಗದು ವಿಚಿತ್ರ ಅನ್ನಿಸುವುದೇ ಇಲ್ಲ, ಅಲ್ವಾ? ಇಂಗ್ಲಿಷಿನಲ್ಲೂ ಹೀಗೇ ಒಂದು ಅಭ್ಯಾಸ, ನಾಳೆಯ ಮಳೆಯನ್ನು ವರ್ತಮಾನದಲ್ಲಿ ಹೇಳುತ್ತಾರೆ: "ಇಫ್ ಇಟ್ ರೇನ್ಸ್ ಟುಮಾರೊ, ವಿ ವಿಲ್ ಸ್ಟೇ ಅಟ್ ಹೋಮ್." ನಾಳೆಯ ಭಾರ ಹೊರುವುದು ಎರಡನೇ ಅರ್ಧ. ಅಲ್ಲೂ ನಮಗೊಂದು ಗುಂಡಿ ಇದೆ. "ಮನೆಯಲ್ಲಿ ಇರುತ್ತೇವೆ" ಅನ್ನುವುದು ದಿನನಿತ್ಯಕ್ಕೂ ಆಗುತ್ತದೆ, ನಾಳೆಗೂ ಆಗುತ್ತದೆ, ಅದಕ್ಕೇ ವಿಲ್ ಸುಮ್ನೆ ಬಿಟ್ಟುಹೋಗುತ್ತದೆ.

ಬಿಟ್ಟರೆ ಅರ್ಥ ಬದಲಾಗುತ್ತದೆ. ಕಾಫಿ ತೋಟದವರಿಗೆ ಇದು ಬೇಗ ಹೊಳೆಯುತ್ತದೆ. "ಇಫ್ ಕಾಫಿ ಗೆಟ್ಸ್ ಗುಡ್ ರೇನ್ ಇನ್ ಮಾರ್ಚ್, ಇಟ್ ಫ್ಲವರ್ಸ್" ಅಂದರೆ ಪ್ರತಿ ವರ್ಷದ ಮಾತು, ಗಿಡದ ಸ್ವಭಾವ. ಇದು ಜೀರೋ ಕಂಡೀಷನಲ್. ಅದೇ ನೀವು ಸಂಜೆ ಆಕಾಶ ನೋಡಿ, ಇವತ್ತು ರಾತ್ರಿ ನೂರು ಸೆಂಟ್, ಅಂದರೆ ಒಂದು ಇಂಚು ಬಿದ್ದರೆ ಇನ್ನು 8–10 ದಿನಕ್ಕೆ ನಮ್ಮ ತೋಟ ಬೆಳ್ಳಗಾಗುತ್ತದೆ ಅಂತ ಲೆಕ್ಕ ಹಾಕಿದರೆ, "ಇಫ್ ವಿ ಗೆಟ್ ಒನ್ ಇಂಚ್ ಟುನೈಟ್, ದಿ ಕಾಫಿ ವಿಲ್ ಫ್ಲವರ್ ನೆಕ್ಸ್ಟ್ ವೀಕ್." ಒಂದೇ ಒಂದು ರಾತ್ರಿಯ ಮಾತು. ಹೂ ಅರಳಿಸುವ ಈ ಹೂಮಳೆ ಬರಬಹುದು, ಕೈಕೊಡಲೂಬಹುದು. ಫಸ್ಟ್ ಕಂಡೀಷನಲ್ ಇರುವುದೇ ಆ ಅನುಮಾನದಲ್ಲಿ.

ಅನುಮಾನವೇ ಇಲ್ಲದ ಕಡೆ ಇಫ್ ಬೇಡ, ವೆನ್ ಹಾಕಿ. ಜುಲೈನಲ್ಲಿ ಭಾಗಮಂಡಲದಲ್ಲಿ ನಿಂತು "ಇಫ್ ಇಟ್ ರೇನ್ಸ್" ಅಂದರೆ ಊರವರು ನಗುತ್ತಾರೆ.

ಅನ್‌ಲೆಸ್ ಒಳಗೆ "ಇಲ್ಲದಿದ್ದರೆ" ಆಗಲೇ ಇದೆ, ಜೊತೆಗೆ ಮತ್ತೆ ನಾಟ್ ತುರುಕಬೇಡಿ. ಇಫ್ ಮೊದಲು ಬಂದರೆ ನಡುವೆ ಅಲ್ಪವಿರಾಮ, ಕೊನೆಗೆ ಬಂದರೆ ಬೇಡ. ವಿಲ್ ಜಾಗದಲ್ಲಿ ಮೇ, ಕ್ಯಾನ್ ಕೂಡ ನಡೆಯುತ್ತವೆ.

ಅಭ್ಯಾಸಕ್ಕೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಸರಪಳಿ. ಒಂದು ವಾಕ್ಯದ ಫಲಿತಾಂಶವನ್ನು ಮುಂದಿನದಕ್ಕೆ ಷರತ್ತು ಮಾಡಿ:

"ಇಫ್ ಇಟ್ ರೇನ್ಸ್ ಆಲ್ ನೈಟ್, ದಿ ರಿವರ್ ವಿಲ್ ರೈಸ್. ಇಫ್ ದಿ ರಿವರ್ ರೈಸಸ್, ದಿ ಬಸ್ ವಿಲ್ ನಾಟ್ ಕಮ್. ಇಫ್ ದಿ ಬಸ್ ಡಸ್ ನಾಟ್ ಕಮ್, ಐ ವಿಲ್ ಮಿಸ್ ದಿ ಟೆಸ್ಟ್."

"ವಿಲ್ ರೈಸ್" ಮುಂದಿನ ವಾಕ್ಯಕ್ಕೆ ದಾಟುವಾಗ "ರೈಸಸ್" ಆಯಿತು, ಗಮನಿಸಿದಿರಾ? ವಿಲ್ ಕಳಚಿ ಬಿತ್ತು, ಕೊನೆಯಲ್ಲಿ ಒಂದು ಎಸ್ ಅಂಟಿಕೊಂಡಿತು. ನಾನು ಮುಗ್ಗರಿಸುತ್ತಿದ್ದದ್ದು ಸರಿಯಾಗಿ ಇಲ್ಲೇ. ಬಸ್ ಕಾಯುವಾಗ ಜೋರಾಗಿ ಹೇಳಿಕೊಳ್ಳಿ. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಇದನ್ನು ನೀವೇ ಸರಿಮಾಡಿ, ಎರಡು ತಪ್ಪಿವೆ. ನಾಳೆ ರಾತ್ರಿಯ ಮಾತು ಅಂದುಕೊಳ್ಳಿ: "ಇಫ್ ದಿ ಎಲಿಫೆಂಟ್ಸ್ ವಿಲ್ ಕಮ್ ಟುಮಾರೊ ನೈಟ್, ವಿ ಲಾಕ್ ದಿ ಗೇಟ್." ಆನೆಗೆ ಗೇಟ್ ಯಾವ ಲೆಕ್ಕ ಅಂತ ಕೇಳಬೇಡಿ, ವ್ಯಾಕರಣ ಮಾತ್ರ ನೋಡಿ.